ಕಂಬಳಿ ಸಾಲಿನ ಒಂದು ಮಳೆಗಾಲ

ಆ ವರ್ಷ ಉಣ್ಣೆ ತೊಳೆಯುವ ಕೆಲಸ ತಪ್ಪಿತೆಂದು ನಮ್ಮ ಓಣಿಯ ಹೆಂಗಸರೆಲ್ಲ ಖುಷಿಪಟ್ಟಿದ್ದೆವು, ನಾನಂತೂ ಎಲ್ಲರಿಗಿಂತ ಹೆಚ್ಚು. ಕುರಿಯ ಮೈಯಿಂದ ಕತ್ತರಿಸಿದ ಉಣ್ಣೆ ಎಂದರೆ ಜಿಡ್ಡು, ಧೂಳು, ಒಣಗಿದ ಹಿಕ್ಕೆ, ಜಾಲಿಯ ಮುಳ್ಳು ಎಲ್ಲ ಸೇರಿದ ಒಂದು ಮುದ್ದೆ. ಅದನ್ನು ಹಳ್ಳಕ್ಕೆ ಹೊತ್ತು, ನೀರಿನಲ್ಲಿ ತುಳಿದು, ಹಿಂಡಿ, ಬಂಡೆಯ ಮೇಲೆ ಹರವಿ, ಒಣಗಿದ ಮೇಲೆ ಎಳೆ ಎಳೆ ಬಿಡಿಸಿ ಮುಳ್ಳು ಆರಿಸಬೇಕು. ಗಂಡಸರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕಂಬಳಿ ನೇಯುವವರು ನಾವು ಎಂದು ಮೀಸೆ ತಿರುವುತ್ತಾರೆ. ಕಂಬಳಿಯ ಅರ್ಧ ಕೆಲಸ ಹಳ್ಳದಲ್ಲೇ ಮುಗಿದಿರುತ್ತದೆ ಎಂದು ಹೇಳಿ ನಾನು ನಮ್ಮ ಮನೆಯವರಿಂದ ಬೈಸಿಕೊಂಡದ್ದುಂಟು.

ಯುದ್ಧ ಎಲ್ಲಿ ನಡೆದಿತ್ತೋ ತಿಕೋಟದಲ್ಲಿದ್ದ ನಮಗೆ ಸರಿಯಾಗಿ ಗೊತ್ತಿರಲಿಲ್ಲ. ಕುರುಬರ ಹತ್ತಿರ ಉಣ್ಣೆ ಸಿಗದಂತಾದದ್ದು ಮಾತ್ರ ಗೊತ್ತಾಯಿತು. ಮೊದಲು ಉಣ್ಣೆ ಕತ್ತರಿಸುವ ದಿನ ನಾವೇ ಹಟ್ಟಿಗೆ ಹೋಗಿ, ಕುರಿ ನೋಡಿ, ಉಣ್ಣೆ ನೋಡಿ ತರುತ್ತಿದ್ದೆವು. ಈಗ ದಲಾಲರು ಮೊದಲೇ ಮುಂಗಡ ಕೊಟ್ಟು ಎಲ್ಲವನ್ನೂ ಸಿಪಾಯಿಗಳ ಕಂಬಳಿಗೆಂದು ಒಯ್ಯತೊಡಗಿದರು. ನಮ್ಮಂಥ ನೇಕಾರರು ವಿಜಾಪುರದ ಸ್ಟೇಷನ್ನಿನ ಹಿಂದೆ ಇದ್ದ ಒಬ್ಬ ಉಣ್ಣೆ ವ್ಯಾಪಾರಿಯ ಮುಂದೆ ಹೋಗಿ ಕೈಕಟ್ಟಿ ನಿಲ್ಲಬೇಕಾಯಿತು. ಅವನು ಚೀಲಗಳಲ್ಲಿ ತುಂಬಿ ಕೊಟ್ಟ ಉಣ್ಣೆ ಎಷ್ಟು ಸ್ವಚ್ಛವಾಗಿತ್ತೆಂದರೆ ಒಂದು ಮುಳ್ಳು ಹುಡುಕಿದರೂ ಸಿಗುತ್ತಿರಲಿಲ್ಲ, ಜಿಡ್ಡು ಎಂಬುದೇ ಇರಲಿಲ್ಲ. ನಾವು ಹಿಗ್ಗಿದೆವು. ತಲೆತಲಾಂತರದಿಂದ ಉಣ್ಣೆ ತೊಳೆದು ಸೊಂಟ ಹಿಡಿದವರಿಗೆ ಮಾತ್ರ ಬರುವ ಖುಷಿ ಅದು, ಮತ್ತು ಅವರು ಮಾತ್ರ ಮಾಡುವ ತಪ್ಪು ಕೂಡ.

ಕಂಬಳಿಗೆ ಉದ್ದಕ್ಕೆ ಹಾಕುವ ನೂಲಿಗೆ ಹಾಸು ಎನ್ನುತ್ತೇವೆ, ಅಡ್ಡ ಹೊಡೆಯುವ ನೂಲಿಗೆ ಹೊಕ್ಕು. ಭಾರ ಹೊರುವುದು ಹಾಸು. ಆ ಹಾಸನ್ನು ನಸುಕಿನಲ್ಲಿ ಓಣಿಯ ಉದ್ದಕ್ಕೂ ಬಿಗಿದು ಕಟ್ಟಿ, ಹುಣಸೆ ಬೀಜ ಅರೆದು ಕುದಿಸಿದ ಗಂಜಿಯನ್ನು ದೊಡ್ಡ ಕುಂಚದಿಂದ ಹಚ್ಚುತ್ತೇವೆ. ಬಿಸಿಲು ಏರುವುದರೊಳಗೆ ಮುಗಿಯಬೇಕು, ಒಂದು ಮನೆಯವರಿಂದ ಆಗುವ ಕೆಲಸವಲ್ಲ, ಓಣಿಯೇ ಹೊರಬರಬೇಕು. ಗಂಜಿ ಕುಡಿದ ನೂಲು ಒಣಗಿದರೆ ತಂತಿಯಂತೆ ಬಿಗಿಯಾಗುತ್ತದೆ. ಒಳಗಿನ ಉಣ್ಣೆ ಎಂಥದೆಂದು ಮಳೆ ಬಂದು ಗಂಜಿ ತೊಳೆದುಹೋಗುವವರೆಗೆ ಯಾರಿಗೂ ತಿಳಿಯುವುದಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಹಾಸಿನ ನೂಲಿಗೆ ಸಾಕಾಗುವಷ್ಟು ಹಳೆಯ ಉಣ್ಣೆ ಅಟ್ಟದ ಮೇಲಿತ್ತು. ಚೀಲದ ಉಣ್ಣೆಯನ್ನು ಹೊಕ್ಕಿಗೆ ಮಾತ್ರ ಬಳಸಿದೆವು. ಉಳಿದವರೂ ಹೆಚ್ಚುಕಡಿಮೆ ಹಾಗೆಯೇ ಮಾಡಿದ್ದರು. ಬಿಜ್ಜರಗಿಯ ಅಣ್ಣನೊಬ್ಬನ ಮನೆಯಲ್ಲಿ ಮಾತ್ರ ಹಳೆಯದು ಏನೂ ಉಳಿದಿರಲಿಲ್ಲ, ಹಾಸಿಗೂ ಹೊಕ್ಕಿಗೂ ಅವನು ಚೀಲದ್ದನ್ನೇ ಹಾಕಿದ. ಅಣ್ಣ ಎಂದದ್ದು ಒಡಹುಟ್ಟಿನಿಂದಲ್ಲ, ಬಬಲೇಶ್ವರದ ಸಂತೆಯಲ್ಲಿ ಅವನ ಜಾಗ ನನ್ನ ಪಕ್ಕದಲ್ಲಿತ್ತು. ನಾನು ಊಟಕ್ಕೆ ಎದ್ದರೆ ಅವನು ನನ್ನ ಕಂಬಳಿ ಮಾರುತ್ತಿದ್ದ, ಅವನು ಎದ್ದರೆ ನಾನು ಅವನದನ್ನು.

ನಮ್ಮದು ಕಂಬಳಿ ಸಾಲು ಎಂದು ಹೆಸರು. ಕಂಬಳಿಯವರ ನಂತರ ಪುಂಡಿ ನಾರಿನ ಹಗ್ಗದವರು, ಬುಟ್ಟಿ ಮತ್ತು ಮೊರ ಹೆಣೆಯುವವರು, ಕೊನೆಗೆ ಸ್ವಲ್ಪ ದೂರ ಬಿಟ್ಟು ಚಪ್ಪಲಿ ಹೊಲಿಯುವವರು ಕೂಡುತ್ತಿದ್ದರು. ಕೈಯಿಂದ ಮಾಡಿದ ಸಾಮಾನಿನವರಷ್ಟೇ ಆ ಸಾಲಿನಲ್ಲಿ. ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಹಳೆಯ ಕಂಬಳಿ ಹಾಸಿ ಅದರ ಮೇಲೆ ಕೂಡಬೇಕು. ಆ ಕಂಬಳಿ ಹಾಸಿದರೆ ಅಲ್ಲಿ ನಿನ್ನ ಜಾಗ, ಇಲ್ಲದಿದ್ದರೆ ನೀನು ಸಂತೆಗೆ ಬಂದ ಗಿರಾಕಿ. ಇನ್ನೊಂದು ಕಟ್ಟಳೆಯೂ ಇತ್ತು, ನಮ್ಮೆಲ್ಲರ ಹೊಟ್ಟೆ ತುಂಬುತ್ತಿದ್ದದ್ದು ಅದರಿಂದಲೇ. ಸಾಲಿನಲ್ಲಿ ಕೊಂಡ ಕಂಬಳಿ ಮೊದಲ ಮಳೆಗಾಲದಲ್ಲೇ ಹರಿದರೆ, ಅದನ್ನು ಮಾರಿದವರು ಆ ದಿನ ಬಂದಿರಲಿ ಬಿಡಲಿ, ಅಲ್ಲಿ ಕೂತ ಯಾರಾದರೂ ಸರಿ, ಮಾತಿಲ್ಲದೆ ಎದ್ದು ಬೇರೆ ಕಂಬಳಿ ಕೊಡಬೇಕು. ಆಮೇಲಿನದು ನಾವು ನಾವು ನೋಡಿಕೊಳ್ಳುತ್ತಿದ್ದೆವು. ಯಾರು ನೇಯ್ದದ್ದೆಂದು ಅಂಚಿನ ಬಿಳಿ ಗೆರೆಗಳಿಂದ ತಿಳಿಯುತ್ತಿತ್ತು: ನಮ್ಮ ಮನೆಯದು ಒಂದು ಗೆರೆ, ಬಿಜ್ಜರಗಿಯದು ಎರಡು.

ಮೃಗಶಿರ ಮಳೆ ಬಿದ್ದ ಮುಂದಿನ ಸಂತೆಗೆ ಒಬ್ಬ ರೈತ ಹರಿದ ಕಂಬಳಿ ತಂದ. ಎರಡು ಗೆರೆಯದು. ಸಾಲಿನ ಹಿರಿಯರಾದ ಬಬಲೇಶ್ವರದ ಮುತ್ಯಾ ತಮ್ಮ ಗಂಟಿನಿಂದಲೇ ಒಂದನ್ನು ತೆಗೆದು ಕೊಟ್ಟರು. ಅವರೂ ಕಂಬಳಿ ನೇಯುವವರು, ಊರಿನಲ್ಲೇ ಎಲ್ಲಕ್ಕಿಂತ ಹಳೆಯ ಮಗ್ಗ ಅವರದು. ಒಂದು ಕಂಬಳಿ ಹರಿಯುವುದು ಹೊಸದಲ್ಲ, ಇಲಿ ಕಡಿದಿರಬಹುದು, ದನ ಜಗಿದಿರಬಹುದು. ಅದೇ ಮಧ್ಯಾಹ್ನ ಇನ್ನೊಂದು ಬಂತು. ಮರುಸಂತೆಯಲ್ಲಿ ಒಂದರ ಹಿಂದೆ ಒಂದು ಬಂದವು, ಎಲ್ಲವೂ ಎರಡು ಗೆರೆಯವು. ಕೈಯಲ್ಲಿ ಹಿಡಿದು ಎಳೆದರೆ ನೆನೆದ ಕಾಗದದಂತೆ ಬಿಟ್ಟುಕೊಳ್ಳುತ್ತಿದ್ದವು. ಅಣ್ಣ ತನ್ನ ಗಂಟಿನಲ್ಲಿದ್ದವನ್ನೆಲ್ಲ ಕೊಟ್ಟು ಮುಗಿಸಿದ. ಉಳಿದವಕ್ಕೆ ನಾವು ಕೊಟ್ಟೆವು. ಕೊಡುವಾಗ ಯಾರೂ ಗೊಣಗಲಿಲ್ಲ, ಗಿರಾಕಿ ಆಚೆ ಹೋದ ಮೇಲೆ ಗೊಣಗದವರು ಇರಲಿಲ್ಲ. ಅವನು ಹಳೇ ಚಿಂದಿಯನ್ನು ಹಿಂಜಿ ನೂತಿದ್ದಾನೆ ಎಂದು ಒಬ್ಬರು, ಗಂಜಿಯಲ್ಲೇ ಮೋಸ ಎಂದು ಇನ್ನೊಬ್ಬರು. ನಾನೂ ಒಂದೆರಡು ಮಾತು ಅಂದೆ. ನನ್ನ ಬಾಯಿ ಯಾವಾಗಲೂ ಕೈಗಿಂತ ಮುಂದೆ.

ಮುತ್ಯಾ ಕೊನೆಗೆ ಅವನನ್ನು ಕರೆದು, ಮುಂದಿನ ಸಂತೆಗೆ ಬಾ, ಆದರೆ ಕಂಬಳಿ ಹಾಸಬೇಡ, ಸಾಲಿನ ಹೊರಗೆ ಕೂಡು, ಅಂದು ಎಲ್ಲರೂ ಸೇರಿ ತೀರ್ಮಾನ ಮಾಡೋಣ ಎಂದರು. ತೀರ್ಮಾನ ಏನೆಂಬುದು ಎಲ್ಲರಿಗೂ ಗೊತ್ತೇ ಇತ್ತು. ಸಾಲಿನಿಂದ ಎದ್ದವರಿಗೆ ಬಬಲೇಶ್ವರದಲ್ಲಷ್ಟೇ ಅಲ್ಲ, ತಿಕೋಟದಲ್ಲೂ ವಿಜಾಪುರದಲ್ಲೂ ಯಾರೂ ಜಾಗ ಕೊಡುವುದಿಲ್ಲ. ಅಣ್ಣ ಮಾತು ಕಡಿಮೆಯ ಮನುಷ್ಯ. ಚೀಲದ ಉಣ್ಣೆ ಬಿಟ್ಟು ಬೇರೇನೂ ಹಾಕಿಲ್ಲ ಎಂದು ಒಂದೇ ಸಲ ಹೇಳಿದ. ಚೀಲದ ಉಣ್ಣೆ ನಾವೂ ತಂದಿದ್ದೇವಲ್ಲ, ನಮ್ಮವು ಹರಿದವೇ ಎಂದು ಯಾರೋ ಕೇಳಿದರು. ಅವನು ತನ್ನ ಹಾಸುಗಂಬಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಆ ತಿಂಗಳುಗಳಲ್ಲಿ ನನ್ನ ಬೆರಳ ತುದಿಗಳು ಒಡೆದು ಸೀಳು ಬಿಟ್ಟಿದ್ದವು. ಚಳಿಗಾಲದಲ್ಲಿ ಒಡೆಯುವುದುಂಟು, ಬೇಸಿಗೆ ಕಳೆದು ಮಳೆ ಬಂದರೂ ವಾಸಿಯಾಗಿರಲಿಲ್ಲ. ಸಂತೆಯಿಂದ ಬಂದ ಮರುದಿನ ಮಧ್ಯಾಹ್ನ ಅರಿಶಿನ ತೇಯ್ದು ಬೆರಳಿಗೆ ದಪ್ಪಗೆ ಮೆತ್ತಿಕೊಂಡೆ. ಸುಮ್ಮನೆ ಕೂಡುವ ಜಾತಿ ನಾನಲ್ಲ, ಅರಿಶಿನ ಆರುವ ಮೊದಲೇ ರಾಟಿಯ ಮುಂದೆ ಕೂತು ಚೀಲದ ಉಣ್ಣೆ ಹಿಡಿದೆ. ಸ್ವಲ್ಪ ಹೊತ್ತಿಗೆ ನೋಡಿದರೆ ನೂಲು ಕೆಂಪಗಿದೆ. ಬೆರಳಿನಿಂದ ರಕ್ತ ಬಂತೆಂದು ತೊಳೆದುಕೊಂಡು ಬಂದೆ. ರಕ್ತ ಇರಲಿಲ್ಲ. ಮತ್ತೆ ಅರಿಶಿನ ಹಚ್ಚಿ ಉಣ್ಣೆಯ ಬಿಳಿ ಎಳೆಯನ್ನೇ ಹಿಚುಕಿದೆ. ಕಣ್ಣೆದುರೇ ಕೆಂಪೇರಿತು.

ಆರತಿ ನೀರು ಮಾಡುವ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರಿಶಿನ ಕೆಂಪಾದರೆ ಅಲ್ಲಿ ಸುಣ್ಣ ಇದೆ. ಉಣ್ಣೆಗೆ ಸುಣ್ಣ ಎಲ್ಲಿಂದ ಬರಬೇಕು? ಚಪ್ಪಲಿ ಹೊಲಿಯುವವರ ಓಣಿಯಲ್ಲಿ ನೋಡಿದ್ದೆ, ಕಸಾಯಿಖಾನೆಯ ತೊಗಲನ್ನು ಸುಣ್ಣದ ಗುಂಡಿಯಲ್ಲಿ ನೆನೆಹಾಕಿದರೆ ಕೂದಲು ತಾನೇ ಕಳಚಿ ಬರುತ್ತದೆ. ಅದನ್ನು ಬಳಿದು, ತೊಳೆದು, ಒಳ್ಳೆಯ ಉಣ್ಣೆಯಲ್ಲಿ ಬೆರೆಸಿ ನಮಗೆ ಕೊಟ್ಟಿದ್ದರು. ಸುಣ್ಣ ಜಿಡ್ಡನ್ನೂ ತಿಂದಿತ್ತು, ಉಣ್ಣೆಯ ಕಸುವನ್ನೂ ತಿಂದಿತ್ತು, ಈಗ ನನ್ನ ಬೆರಳನ್ನು ತಿನ್ನುತ್ತಿತ್ತು. ಬಿಜ್ಜರಗಿಯ ಅಣ್ಣ ಮೋಸ ಮಾಡಿರಲಿಲ್ಲ. ಆದರೆ ಅದು ಹೊಳೆಯುವುದಕ್ಕಿಂತ ಮೊದಲು ನನ್ನ ಕಣ್ಣು ಹೋದದ್ದು ಮೂಲೆಯಲ್ಲಿ ಎತ್ತರಕ್ಕೆ ಒಟ್ಟಿದ್ದ ನಮ್ಮ ಕಂಬಳಿಗಳ ಕಡೆಗೆ, ಒಂದು ಗೆರೆಯವು, ಮಳೆಗಾಲದ ವ್ಯಾಪಾರಕ್ಕೆಂದು ಇಡೀ ವರ್ಷ ನೇಯ್ದಿಟ್ಟವು.

ನಮ್ಮ ಮನೆಯವರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೂಲನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತರು. ಆಮೇಲೆ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

"ನಮ್ಮ ಹಾಸು ಹಳೇ ಉಣ್ಣಿದೈತಿ. ಈ ಮಳಿಗಾಲ ತಡೀತೈತಿ. ಮುಂದಿನ ವರ್ಷ ಹರದ್ರ ಸಾಲಿನ ಕಟ್ಟಳಿ ನಡ್ಯೂದಿಲ್ಲ. ನೀ ಸುಮ್ನ ಇರು."

ಅವರು ಕೆಟ್ಟವರಲ್ಲ. ಹಿಂದಿನ ವರ್ಷ ಜ್ವರದಲ್ಲಿ ಮಗ್ಗ ನಿಂತು ಮನೆಯಲ್ಲಿ ಏನೇನು ಮಾರಿದ್ದೆವೆಂದು ಅವರಿಗೂ ನೆನಪಿತ್ತು, ನನಗೂ ನೆನಪಿತ್ತು. ಆ ಒಟ್ಟಿಲು ಹೋದರೆ ಮುಂದಿನ ಬೇಸಿಗೆಯವರೆಗೆ ಜೋಳಕ್ಕೆ ಏನು ದಾರಿ ಎಂದು ಅವರು ಕೇಳಿದರು. ಅಂದು ನಾನು ಜಗಳವಾಡಲಿಲ್ಲ, ಅದು ಅವರಿಗೆ ಇನ್ನಷ್ಟು ಭಯ ಹುಟ್ಟಿಸಿತು.

ಬೇರೆ ಉಣ್ಣೆಯಾದರೂ ಪಡೆಯೋಣವೆಂದು ಇಬ್ಬರೂ ವಿಜಾಪುರಕ್ಕೆ ಹೋದೆವು. ವ್ಯಾಪಾರಿ ಚೀಲಗಳ ನಡುವೆ ಗಾದಿಯ ಮೇಲೆ ಕೂತಿದ್ದ. ನಾನು ಅರಿಶಿನ ತಿಕ್ಕಿದ ಎಳೆ ತೋರಿಸಿದೆ. ಅವನು ಸಿಟ್ಟಾಗಲಿಲ್ಲ, ನಗಲೂ ಇಲ್ಲ. "ಕುರಿ ಮ್ಯಾಲಿನ ಉಣ್ಣಿ ಎಲ್ಲಾ ಸರಕಾರಕ್ಕ ಹೋಗಾಕತ್ತೈತಿ. ನೀವು ಉಣ್ಣಿ ಬೇಕಂದ್ರಿ, ಕೊಟ್ಟೆ. ಕುರೀದ ಹೌದಲ್ಲೋ?" ಎಂದ. ಬೇಕಾದರೆ ಚೀಲ ವಾಪಸು ತನ್ನಿ, ಬಿಚ್ಚದ ಚೀಲ ಮಾತ್ರ ಎಂದೂ ಸೇರಿಸಿದ. ನಮ್ಮಲ್ಲಿ ಬಿಚ್ಚದ ಚೀಲ ಒಂದೂ ಇರಲಿಲ್ಲ. ಹೊರಗೆ ಬಂದಾಗ ನಮ್ಮ ಮನೆಯವರು, ಅವನ ಮುಂದೆ ನೀನು ಬಾಯಿ ಬಿಟ್ಟದ್ದರಿಂದ ಇನ್ನು ಕೆಟ್ಟ ಉಣ್ಣೆಯೂ ಸಿಗುವುದಿಲ್ಲ ಎಂದರು. ಅದೂ ನಿಜವಾಗಿತ್ತು.

ತೀರ್ಮಾನದ ಸಂತೆಗೆ ನಾನೊಬ್ಬಳೇ ಹೋಗಬೇಕಾಯಿತು. ನಮ್ಮ ಮನೆಯವರು ಮಗ್ಗ ಬಿಟ್ಟು ಏಳಲಿಲ್ಲ. ಓಣಿಯವರ ಗಾಡಿಯಲ್ಲಿ ನಾನು ನಮ್ಮ ಕಂಬಳಿ ಗಂಟು ಹೇರುವಾಗ ಕುಣಿಯಿಂದಲೇ ನನ್ನ ಮುಖ ನೋಡಿದರು. ದಾರಿಯುದ್ದಕ್ಕೂ ಹೇಳಿಬಿಡುತ್ತೇನೆ ಎಂದು ಒಮ್ಮೆ, ಇದೊಂದು ಮಳೆಗಾಲ ದಾಟಲಿ ಎಂದು ಒಮ್ಮೆ. ಬಬಲೇಶ್ವರ ಕಾಣುವ ಹೊತ್ತಿಗೆ ಸುಮ್ಮನಿರುವುದೇ ಸರಿ ಎಂದು ಗಟ್ಟಿ ಮಾಡಿಕೊಂಡಿದ್ದೆ. ಇದನ್ನು ಮುಚ್ಚಿಟ್ಟು ಬರೆದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಅಣ್ಣ ಮೊದಲೇ ಬಂದು ಸಾಲಿನ ಹೊರಗೆ ಕೆಸರು ಆರದ ನೆಲದಲ್ಲಿ ಕೂತಿದ್ದ. ಅವನ ಜಾಗ ನನ್ನ ಪಕ್ಕದಲ್ಲಿ ಖಾಲಿ ಬಿದ್ದಿತ್ತು. ನಾನು ಆ ಕಡೆ ನೋಡದೆ ಕಂಬಳಿ ಹಾಸಿ ಕೂತೆ. ಸಂತೆಯ ಗದ್ದಲ ಇಳಿದ ಮೇಲೆ ಮಾತಾಡೋಣ ಎಂದು ಮುತ್ಯಾ ಹೇಳಿದ್ದರು. ಆದರೆ ಗದ್ದಲ ಇಳಿಯುವ ಮೊದಲೇ ಸಾರವಾಡದ ಒಬ್ಬ ಕುರುಬ ಬಂದ. ಎತ್ತರದ ಆಳು, ಹೆಗಲ ಮೇಲೆ ಎರಡು ಗೆರೆಯ ಕಂಬಳಿ ನಡುವೆ ಸೀಳಿ ಜೋತಾಡುತ್ತಿತ್ತು. ಮರುದಿನ ನಸುಕಿನಲ್ಲಿ ಕುರಿ ಹೊಡೆದುಕೊಂಡು ಜತ್ತಿನ ಕಡೆ ಹೊರಡುವವನಿದ್ದ. ಬಯಲಿನಲ್ಲಿ ಮಳೆಗೆ, ಗಾಳಿಗೆ, ಮಲಗುವುದಕ್ಕೆ ಅವನಿಗೆ ಇರುವುದು ಅದೊಂದೇ. ಅವನು ಕೂಗಾಡಲಿಲ್ಲ. ಕಂಬಳಿಯನ್ನು ಮುತ್ಯಾನ ಮುಂದೆ ಇಟ್ಟು ನಿಂತುಕೊಂಡ.

ಮುತ್ಯಾನ ಗಂಟು ಅಷ್ಟು ಹೊತ್ತಿಗೆ ಖಾಲಿಯಾಗಿತ್ತು. ಅವರು ನನ್ನ ಕಡೆ ಗದ್ದ ತೋರಿಸಿದರು. ಕಟ್ಟಳೆಯ ಪ್ರಕಾರ ನಾನು ಮಾತಿಲ್ಲದೆ ಎದ್ದು ಕೊಡಬೇಕು. ನನ್ನ ಮುಂದೆ ಕಂಬಳಿಗಳು ಇದ್ದವು, ಗಂಜಿ ಕುಡಿದು ಬಿಗಿಯಾಗಿ ನಿಂತಿದ್ದವು, ಯಾರು ನೋಡಿದರೂ ಸಾಲಿನಲ್ಲೇ ಒಳ್ಳೆಯವು ಎನ್ನಬೇಕು. ಕೈ ಹಾಕಿ ಮೇಲಿನದನ್ನು ಎತ್ತಿಯೂ ಬಿಟ್ಟೆ. ಕೆಟ್ಟ ಕಂಬಳಿಗೆ ಬದಲಾಗಿ ಕೆಟ್ಟ ಕಂಬಳಿ, ಅದೂ ಸಾಲಿನ ಹೆಸರು ಹೇಳಿ. ಕುರುಬ ಎರಡೂ ಕೈ ಚಾಚಿದ್ದ. ನನ್ನ ಕೈ ಅಲ್ಲೇ ನಿಂತಿತು.

"ಇದನ್ನ ಕೊಡಾಕ ಆಗೂದಿಲ್ಲ ಮುತ್ಯಾ," ಎಂದೆ.

ಕಂಬಳಿ ಇಟ್ಟುಕೊಂಡು ಕೊಡುವುದಿಲ್ಲ ಎಂದವರು ಆ ಸಾಲಿನಲ್ಲಿ ಅದುವರೆಗೆ ಇರಲಿಲ್ಲ. ಯಾಕೆ ಎಂದು ಮುತ್ಯಾ ಕೇಳಿದಾಗ ಅವರ ದನಿ ಬಹಳ ಮೆತ್ತಗಿತ್ತು. ನಾನು ಎದ್ದು ನಿಂತು ನನ್ನ ಕೆಳಗೆ ಹಾಸಿದ್ದ ಕಂಬಳಿಯನ್ನೇ ಎಳೆದು ಝಾಡಿಸಿ ಕುರುಬನ ಕೈಗೆ ಕೊಟ್ಟೆ. ನನ್ನ ಮಾವ ನೇಯ್ದದ್ದು, ಅಂಚು ಸವೆದದ್ದು, ಆದರೆ ಉಣ್ಣೆ ಕುರಿಯ ಮೈಯದು. ಅವನು ಒಂದು ಎಳೆ ಜಗ್ಗಿ ನೋಡಿ, ಹೆಗಲಿಗೆ ಹಾಕಿಕೊಂಡು, ಹೋಗದೆ ಅಲ್ಲೇ ನಿಂತ.

ಆಮೇಲೆ ನಾನು ಹೇಳಿದೆ. ಚೆನ್ನಾಗಿ ಹೇಳಲಿಲ್ಲ, ಹಿಂದೆ ಮುಂದೆ ಮಾಡಿ, ಅರಿಶಿನದಿಂದ ಹಿಡಿದು ವಿಜಾಪುರದವರೆಗೆ ಒಂದೇ ಉಸಿರಿಗೆ. ಅಣ್ಣನ ಹಾಸು ಮೊದಲು ಹರಿಯಿತು, ನಮ್ಮವು ಹಳೆಯ ಹಾಸಿನ ಮೇಲೆ ನಿಂತಿವೆ, ಅಷ್ಟೇ ವ್ಯತ್ಯಾಸ ಎಂದೆ. ನಿನ್ನ ಮನೆಯ ಉಣ್ಣೆ ಕೆಟ್ಟಿದ್ದರೆ ನಮ್ಮದೂ ಕೆಟ್ಟಿರಬೇಕೇ ಎಂದು ಒಬ್ಬರು ಏರಿಬಂದರು. ಬಿಜ್ಜರಗಿಯವನೂ ಇವಳೂ ಸೇರಿ ಸಾಲು ಮುಳುಗಿಸಲು ನಿಂತಿದ್ದಾರೆ ಎಂದು ಇನ್ನೊಬ್ಬರು. ಗಿರಾಕಿಗಳು ಸುತ್ತ ನೆರೆಯತೊಡಗಿದರು. ಒಬ್ಬನಂತೂ ಆಗ ತಾನೇ ಕೊಂಡದ್ದನ್ನು ತಂದು ನೆಲಕ್ಕೆ ಒಗೆದ.

ಮುತ್ಯಾ ಕೋಲೂರಿ ಎದ್ದರು. ಅವರು ಉಣ್ಣೆಯನ್ನೂ ಕೇಳಲಿಲ್ಲ, ಅರಿಶಿನವನ್ನೂ ಕೇಳಲಿಲ್ಲ. ತಮ್ಮ ಹಿಂದೆ ಕೂತಿದ್ದ ಸೊಸೆಯ ಕಡೆ ತಿರುಗಿ, "ಕೈ ತೋರ್ಸವಾ," ಎಂದರು. ಅವಳು ಸೆರಗಿನೊಳಗಿನಿಂದ ಕೈ ಹೊರತೆಗೆದಳು. ಬೆರಳ ತುದಿಗಳೆಲ್ಲ ಒಡೆದು ಬಾಯಿಬಿಟ್ಟಿದ್ದವು. ಅವರು ಮುಂದಿನವಳ ಹತ್ತಿರ ಹೋದರು. ಅವಳದೂ ಹಾಗೆಯೇ. ಉಣ್ಣೆ ನೂತ ಪ್ರತಿಯೊಬ್ಬ ಹೆಂಗಸೂ ಕೈ ಚಾಚಿದಳು, ಪ್ರತಿಯೊಬ್ಬಳೂ ಇದು ತನ್ನೊಬ್ಬಳ ಕೈ ಎಂದುಕೊಂಡು ಬಟ್ಟೆ ಸುತ್ತಿಕೊಂಡಿದ್ದಳು. ಏರಿಬಂದವರ ಹೆಂಡತಿಯ ಕೈ ಎಲ್ಲರಿಗಿಂತ ಕೆಟ್ಟಿತ್ತು. ಆ ಗಂಡಸು ಅದನ್ನು ನೋಡಿ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಇವತ್ತಿಂದ ಹೊಸಾ ಉಣ್ಣಿ ಬರೂ ತನಕ ಈ ಸಾಲಿನ್ಯಾಗ ಕಂಬಳಿ ಮಾರೂದಿಲ್ಲ," ಎಂದರು ಮುತ್ಯಾ. "ಮಾರಿದ್ದನ್ನ ನಾವ ಕರದು ತರಸೂದು."

ಅವರ ಮನೆಯಲ್ಲೂ ನಮ್ಮಷ್ಟೇ ಎತ್ತರದ ಒಟ್ಟಿಲು ಇತ್ತೆಂದು ನನಗೆ ಗೊತ್ತು. ಯಾರೂ ಎದುರಾಡಲಿಲ್ಲ. ಹಗ್ಗದವರ ಮುಖಂಡ ಮಾತ್ರ ಬಾಯಿಬಿಟ್ಟ: ತನ್ನ ಹತ್ತಿರ ಪುಂಡಿ ನಾರು ಬೇಕಾದಷ್ಟಿದೆ, ಹೊಸೆಯುವ ಕೈ ಸಾಲದಾಗಿವೆ, ಕಂಬಳಿಯವರು ಹಗ್ಗ ಹೊಸೆದು ಮನೆ ನಡೆಸಲಿ, ಉಣ್ಣೆ ಬಂದಾಗ ಮಗ್ಗಕ್ಕೆ ಹೋಗಲಿ. ಬುಟ್ಟಿಯವರು ತಾವು ಹೋಗುವ ಸಂತೆಗಳಲ್ಲೆಲ್ಲ ಸುದ್ದಿ ಮುಟ್ಟಿಸುತ್ತೇವೆ ಎಂದರು. ಆ ಗಡಿಬಿಡಿಯಲ್ಲಿ ಬಿಜ್ಜರಗಿಯ ಅಣ್ಣನನ್ನು ಕರೆದು ಅವನ ಜಾಗದಲ್ಲಿ ಕೂಡಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದು ತಿರುಗಿ ನೋಡಿದಾಗ ಅವನು ಕೂತಿದ್ದ ನೆಲ ಖಾಲಿಯಾಗಿತ್ತು. ಸಂತೆಯಲ್ಲಿ ಎಲ್ಲೋ ಹೋಗಿರಬೇಕು, ಬರುತ್ತಾನೆ ಎಂದುಕೊಂಡೆ.

ಮುಂದಿನದು ಹೇಳುವಷ್ಟು ಸುಲಭವಾಗಿ ನಡೆಯಲಿಲ್ಲ. ನಮ್ಮ ಮನೆಯವರು ವಾರಗಟ್ಟಲೆ ನನ್ನ ಕೂಡ ಮಾತಾಡಲಿಲ್ಲ. ಮಗ್ಗದ ಕುಣಿಯಲ್ಲಿ ಕೂತು ಬೆಳೆದ ಮನುಷ್ಯ ಅಂಗಳದಲ್ಲಿ ನಿಂತು ಹಗ್ಗ ಹೊಸೆಯುವಾಗ ಯಾರಾದರೂ ದಾರಿಯಲ್ಲಿ ಬಂದರೆ ಒಳಗೆ ಹೋಗುತ್ತಿದ್ದರು. ಒಡೆದ ಬೆರಳಿಗೆ ಪುಂಡಿ ನಾರು ಎಂದರೆ ಗಾಯಕ್ಕೆ ಉಪ್ಪು. ಹಳ್ಳಿಗಳಲ್ಲಿ ಕಂಬಳಿ ವಾಪಸು ಕೇಳಲು ಹೋದರೆ ಜನ ನಂಬುತ್ತಿರಲಿಲ್ಲ. ಮಾರಿದವರು ತಾವಾಗಿ ಬಂದು ಕೆಟ್ಟಿದೆ ಕೊಡಿ ಎಂದರೆ ಇದರಲ್ಲೇನೋ ಮಸಲತ್ತು ಇದೆ ಎಂದು ಬಾಗಿಲು ಹಾಕಿಕೊಂಡವರು ಇದ್ದರು. ಹತ್ತು ವರ್ಷದ ಹಳೇ ಚಿಂದಿ ತಂದು ಇದೂ ನಿಮ್ಮದೇ ಎಂದವರು ಇದ್ದರು. ಒಂದು ಊರಿನಲ್ಲಿ ನಮ್ಮನ್ನು ಚಾವಡಿಯ ಮುಂದೆ ನಿಲ್ಲಿಸಿ ಮೋಸಗಾರರು ಎಂದು ಬೈದರು. ನಾನು ತಿರುಗಿ ಬೈಯದೆ ಬಂದದ್ದು ಜೀವಮಾನದಲ್ಲಿ ಅದೊಂದೇ ಸಲ. ಕೊಡುವುದಕ್ಕೆ ಬದಲಿ ಕಂಬಳಿ ನಮ್ಮಲ್ಲಿರಲಿಲ್ಲ, ಉಣ್ಣೆ ಕತ್ತರಿಸುವ ಕಾಲಕ್ಕೆ ಕೊಡುತ್ತೇವೆ ಎಂಬ ಮಾತಷ್ಟೇ ಇತ್ತು.

ಈ ನಡುವೆ ಬಿಜ್ಜರಗಿಗೆ ಮುತ್ಯಾ ಎರಡು ಸಲ ಹೇಳಿಕಳಿಸಿದರು, ಬಂದು ಜಾಗ ಹಿಡಿ ಎಂದು. ಉತ್ತರ ಬರಲಿಲ್ಲ. ಸಿಟ್ಟಿನಲ್ಲಿದ್ದಾನೆ, ಉಣ್ಣೆ ಸಿಕ್ಕ ಮೇಲೆ ಕೈಯಲ್ಲಿ ಹಿಡಿದುಕೊಂಡೇ ಹೋಗೋಣ ಎಂದು ನಾವು ಅಂದುಕೊಂಡೆವು. ಬರಿಗೈಯಲ್ಲಿ ಹೋಗಿ ಅವನ ಮುಖ ನೋಡುವ ಧೈರ್ಯ ನನಗೂ ಇರಲಿಲ್ಲ.

ದೀಪಾವಳಿ ಕಳೆದು ಉಣ್ಣೆ ಕತ್ತರಿಸುವ ಹೊತ್ತಿಗೆ ಜತ್ತಿನ ಕಡೆಯಿಂದ ಮಂದೆಗಳು ಮರಳಿದವು. ಸಾರವಾಡದ ಹಟ್ಟಿಗೆ ಮುತ್ಯಾ, ನಾನು, ಹಗ್ಗದವರ ಮುಖಂಡ ಮೂವರು ಹೋದೆವು. ದಲಾಲನ ಆಳು ಅದಾಗಲೇ ಚೀಲ ಹಾಸಿಕೊಂಡು ಕೂತಿದ್ದ. ಮುಂಗಡ ತೆಗೆದುಕೊಂಡ ಹಿರಿಯ ಕುರುಬರು ನಮ್ಮ ಕಡೆ ನೋಡದೆ ಕತ್ತರಿ ಆಡಿಸುತ್ತಿದ್ದರು. ಕೊನೆಗೆ ಆ ಎತ್ತರದ ಕುರುಬ ಎದ್ದ, ಹೆಗಲ ಮೇಲೆ ನಮ್ಮ ಮಾವನ ಕಂಬಳಿ ಇತ್ತು. "ಈಕಿ ತಾ ಕುಂತದ್ದನ್ನ ಎದ್ದು ನನಗ ಕೊಟ್ಟಾಳ. ಮಳ್ಯಾಗ ನಾ ಸತ್ತಿಲ್ಲ. ಮುಂಗಡದ್ದು ದಲಾಲಗ ಕೊಡ್ರಿ, ಮಿಕ್ಕದ್ದು ಇವ್ರಿಗೆ," ಎಂದು ಹಟ್ಟಿಯವರಿಗೆ ಹೇಳಿದ. ಒಂದು ದಿನವೆಲ್ಲ ಮಾತು ನಡೆಯಿತು, ದನಿ ಏರಿತು, ಇಳಿಯಿತು. ಸಂಜೆಗೆ ನಮ್ಮ ಗಾಡಿಯಲ್ಲಿ ಉಣ್ಣೆ ಇತ್ತು, ಸಾಲಿನ ಎಲ್ಲ ಮಗ್ಗಗಳಿಗೆ ಸಾಲುವಷ್ಟಲ್ಲ, ಆದರೆ ಕೊಟ್ಟ ಮಾತಿಗೆ ಸಾಲುವಷ್ಟು. ಹಂಚುವಾಗ ಮುತ್ಯಾ ಮೊದಲ ಪಾಲನ್ನು ಬಿಜ್ಜರಗಿಯ ಮಗ್ಗಕ್ಕೆಂದು ಬೇರೆ ಕಟ್ಟಿಸಿದರು. ನಾನು ಒಯ್ಯುತ್ತೇನೆ ಎಂದೆ.

ಬಿಜ್ಜರಗಿಗೆ ಉಣ್ಣೆಯ ಗಂಟು ಹೊತ್ತು ಹೋದ ದಿನ ನನಗೆ ಮನಸ್ಸು ಹಗುರವಾಗಿತ್ತು. ಏನು ಹೇಳಬೇಕು, ಅವನು ಸಿಟ್ಟಾದರೆ ಹೇಗೆ ರೇಗಿಸಿ ನಗಿಸಬೇಕು ಎಂದೆಲ್ಲ ಯೋಚಿಸುತ್ತ ನಡೆದೆ. ಅವನ ಮನೆಯ ಬಾಗಿಲು ತೆರೆದಿತ್ತು. ಅವನ ಹೆಂಡತಿ, ನಾನು ವೈನಿ ಎಂದು ಕರೆಯುವವಳು, ಪಡಸಾಲೆಯ ನೆಲಕ್ಕೆ ಸಗಣಿ ಬಳಿಯುತ್ತಿದ್ದಳು. ಒಳಗೆ ಕಾಲಿಡಲು ಹೋದೆ.

"ಹಸಿ ಐತ್ರಿ, ಆ ಕಡಿಂದ ಬರ್ರಿ," ಎಂದಳು.

ಅವಳು ಬಳಿಯುತ್ತಿದ್ದ ಜಾಗ ನೋಡಿ ನನಗೆ ತಡವಾಗಿ ತಿಳಿಯಿತು. ಮಗ್ಗದ ಕುಣಿ ಇದ್ದದ್ದು ಅಲ್ಲಿ. ಮಣ್ಣು ತುಂಬಿ, ದಮ್ಮಸು ಮಾಡಿ, ನೆಲ ಸಮ ಮಾಡಿದ್ದರು. ಮಗ್ಗದ ಕಟ್ಟಿಗೆ ಗೋಡೆಗೆ ಒರಗಿಸಿತ್ತು, ಅರ್ಧ ಒಲೆಗೆ ಹೋಗಿತ್ತು. ಅಣ್ಣ ಎಲ್ಲಿ ಎಂದು ಕೇಳಿದೆ. ಆ ಸಂತೆಯಿಂದ ಬಂದ ವಾರದಲ್ಲೇ ಸೊಲ್ಲಾಪುರದ ಗಿರಣಿಗೆ ಹೋದ, ಹೋಗುವ ಮೊದಲು ತಾನೇ ಕುಣಿ ಮುಚ್ಚಿ ಹೋದ ಎಂದಳು. ನಾನು ಅಂದು ನಡೆದದ್ದನ್ನೆಲ್ಲ ಹೇಳಿದೆ. ಅವನ ತಪ್ಪಿಲ್ಲವೆಂದು ಇಡೀ ಸಾಲಿಗೆ ಗೊತ್ತಾಗಿದೆ, ಅವನ ಜಾಗದಲ್ಲಿ ಯಾರೂ ಕೂತಿಲ್ಲ, ಅವನು ಮಾರಿದ ಕಂಬಳಿಗಳಿಗೂ ಸಾಲೇ ಬದಲಿ ಕೊಡುತ್ತಿದೆ ಎಂದೆ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ನಿಮ್ಮ ಸಾಲು ಹರದ ಕಂಬಳಿಗಿ ಬದಲಿ ಕಂಬಳಿ ಕೊಡತೈತಿ," ಎಂದಳು. "ಅಷ್ಟು ಮಂದಿ ಮುಂದ ಕೆಸರಾಗ ಕುಂತು ಎದ್ದು ಬಂದ ಮನಿಶ್ಯಾಗ ಏನ್ ಕೊಡತೈತ್ರಿ?"

ಎಲ್ಲಿ ಹೋದರೂ ಬಾಯಿ ಮುಚ್ಚದ ನಾನು ಅಲ್ಲಿ ಗಂಟು ಇಳಿಸಿ ಸುಮ್ಮನೆ ಕೂತೆ. ಅತ್ತದ್ದೂ ನಾನೇ, ಅವಳಲ್ಲ. ಅವಳು ಬಳಿಯುವುದನ್ನು ಮುಗಿಸಿ, ಕೈ ತೊಳೆದು, ನನಗೆ ನೀರು ಬೆಲ್ಲ ತಂದಿಟ್ಟಳು. ಆಮೇಲೆ ಗಂಟು ಬಿಚ್ಚಿ ಒಂದು ಹಿಡಿ ಉಣ್ಣೆ ತೆಗೆದು, ಬೆರಳಲ್ಲಿ ಹಿಂಜಿ, ಒಂದು ಎಳೆ ಉದ್ದಕ್ಕೆ ಎಳೆದು ನೋಡಿದಳು. ಎಳೆ ತುಂಡಾಗಲಿಲ್ಲ.

"ಛಲೋ ಉಣ್ಣಿ ಐತಿ," ಎಂದಳು. "ನೇಯೋರ ಮನಿಗಿ ಒಯ್ರಿ."

ತೆಗೆದ ಹಿಡಿಯನ್ನೂ ಒಳಗೆ ಸೇರಿಸಿ, ಗಂಟನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿ, ಅವಳೇ ಎತ್ತಿ ನನ್ನ ತಲೆಯ ಮೇಲಿಟ್ಟಳು.